ಕುಮ್ಕಿಯ ಸೊಪ್ಪು ಉಳಿಯಲಿ

ಮಾನ್ಯರೆ,

ಉಡುಪಿ ಜಿಲ್ಲೆಯಲ್ಲೂ ಸಹಜ ಕೃಷಿಯ ಮಾತು ಕೇಳಿಬರುತ್ತಿದೆ, ಸಂತೋಷ. ಆದರೆ ಅಡಿಕೆ ಬುಡಕ್ಕೆ ಸೊಪ್ಪು ಎಲ್ಲಿಂದ ತರುವುದು? ವರ್ಗ ಜಾಗದ (ಕೃಷಿಕನ ಪಟ್ಟಾ ಜಮೀನಿನ) ಅಂಚಿನಿಂದ 100 ಗಜದವರೆಗಿನ ಸರ್ಕಾರಿ ಜಾಗವಾದ ಕುಮ್ಕಿ ಇದ್ದದ್ದೇ ಸೊಪ್ಪು, ಸೌದೆ, ಮೇವಿಗಾಗಿ. ಈಗ ಹಲವು ಕಡೆ ಅಲ್ಲಿ ಜೆಸಿಬಿ ಓಡಾಡಿ ರಬ್ಬರ್ ಎದ್ದಿದೆ. ದನದ ಹಟ್ಟಿಗೆ ಹಾಸಲು ಸೊಪ್ಪಿಲ್ಲವೆಂದರೆ ಗೊಬ್ಬರವೂ ಇಲ್ಲ.

ಸೊಪ್ಪು ಹಾಸಿದ ಬುಡ ಕೆದಕಿ ನೋಡಿ: ಎರೆಹುಳದ ಹಿಕ್ಕೆ ಕಾಳು ಕಾಳಾಗಿ ಬಿದ್ದಿರುತ್ತದೆ, ಏಪ್ರಿಲ್ ಬಿಸಿಲಿಗೂ ಮಣ್ಣು ತಂಪು. ಕಳೆನಾಶಕ ಹೊಡೆದ ತೋಟದಲ್ಲಿ ತಂಬುಳಿಗೆ ನಾಲ್ಕು ತಿಮರೆ (ಒಂದೆಲಗ) ಎಲೆಯೂ ಸಿಗದು. ಎಂಥ ನಷ್ಟ!

ಕುಮ್ಕಿಯಲ್ಲಿ ಉಳಿದಿರುವ ಮರಗಳನ್ನಾದರೂ ಕಡಿಯದಂತೆ ಕಂದಾಯ ಇಲಾಖೆ ಕಟ್ಟುನಿಟ್ಟಾಗಿ ನೋಡಿಕೊಳ್ಳಲಿ. ಬೋಳಾದ ಕಡೆ ನೆಡಲು ಈ ಮಳೆಗಾಲಕ್ಕೇ ಕಿರಾಲುಬೋಗಿ, ಹೆಬ್ಬಲಸು ಸಸಿ ಕೊಡಲಿ.

– ಒಬ್ಬ ಕೃಷಿಕ, ಕಾರ್ಕಳ