ಬ್ರಹ್ಮಕಮಲಕ್ಕೆ 12 ವರ್ಷ ಕಾಯಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಜಿಲ್ಲೆಯ ಪುಟದಲ್ಲಿ ಒಂದು ಫೋಟೊ ಹಾಕಿದ್ದೀರಿ. ಮನೆಮಂದಿಯೆಲ್ಲ ಬ್ರಹ್ಮಕಮಲದ ಕುಂಡದ ಸುತ್ತ ನಿಂತಿದ್ದಾರೆ. ಹೂವಿಗೆ ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ದಾರೆ. ಕೆಳಗೆ ‘12 ವರ್ಷಕ್ಕೊಮ್ಮೆ ಅರಳುವ ಅಪರೂಪದ ಹೂವು’ ಎಂದು ಬರೆದಿದ್ದೀರಿ. ಹೋದ ವರ್ಷವೂ ಇಂಥದ್ದೇ ಫೋಟೊ ಬಂದಿತ್ತು. ಅದರ ಹಿಂದಿನ ವರ್ಷವೂ ಬಂದಿತ್ತು. ಪ್ರತಿ ಮಳೆಗಾಲಕ್ಕೂ ನಿಮ್ಮ ಪತ್ರಿಕೆಯಲ್ಲಿ ಅರಳುವ ಹೂವು 12 ವರ್ಷಕ್ಕೊಮ್ಮೆ ಹೇಗಾಗುತ್ತೆ, ನೀವೇ ಹೇಳಿ.

ಪೂಜೆ ಬಗ್ಗೆ ನನ್ನ ತಕರಾರಿಲ್ಲ. ಅರಳಿದ ರಾತ್ರಿ ನಾನೂ ಕೈ ಮುಗಿಯುತ್ತೇನೆ. ತಕರಾರು ಇರುವುದು ಆ 12ರ ಮೇಲೆ. ನಮ್ಮ ಪಕ್ಕದ ಮನೆ ಅಕ್ಕ ಆರು ವರ್ಷದಿಂದ ಬ್ರಹ್ಮಕಮಲ ಸಾಕಿದ್ದರು. ಬಚ್ಚಲುಮನೆ ಹಿಂದಿನ ಕತ್ತಲೆ ಮೂಲೆ, ದಿನಾ ಒಂದು ಚೊಂಬು ನೀರು. ‘ಹೂವೇ ಬಿಟ್ಟಿಲ್ಲ ಅಲ್ವಾ ಅಕ್ಕ’ ಅಂದರೆ, ‘ಇನ್ನೂ ಆರು ವರ್ಷ ಇದೆಯಲ್ಲ ಮಾರಾಯ್ತಿ’ ಅನ್ನುತ್ತಿದ್ದರು. ಕೊನೆಗೆ ನಾನೇ ಕುಂಡ ಎತ್ತಿ ಕೊಟ್ಟಿಗೆಯ ಪೂರ್ವಕ್ಕೆ, ಬೆಳಗಿನ ಎಳೆಬಿಸಿಲು ಬೀಳುವ ಕಡೆ ಇಟ್ಟೆ. ನೀರು ಕಡಿಮೆ ಮಾಡಿಸಿದೆ. ಮುಂದಿನ ಜುಲೈಗೆ ಐದು ಮೊಗ್ಗು. 12 ವರ್ಷಕ್ಕೊಮ್ಮೆ ಅರಳುವುದು ನೀಲಕುರಿಂಜಿ. ಆ ಲೆಕ್ಕ ಯಾವಾಗಲೋ ಜಾರಿ ಈ ಗಿಡಕ್ಕೆ ಅಂಟಿಕೊಂಡಿರಬೇಕು.

ಇನ್ನೊಂದು ವಿಷಯ. ಇದು ಕಳ್ಳಿ. ಬ್ರಹ್ಮಕಮಲ ಅನ್ನುವ ಹೆಸರಿನ ನಿಜವಾದ ಹೂವು ಹಿಮಾಲಯದಲ್ಲಿ, 4,000 ಮೀಟರ್ ಆಸುಪಾಸಿನ ಎತ್ತರದಲ್ಲಿ ಬೆಳೆಯುತ್ತೆ. ಉತ್ತರಾಖಂಡದ ರಾಜ್ಯಪುಷ್ಪ ಅದು, ಸೂರ್ಯಕಾಂತಿಯ ಕುಟುಂಬದ್ದು. ನಮ್ಮ ಮನೆಗಳಲ್ಲಿ ಇರುವುದು ಎಪಿಫಿಲಮ್. ದಕ್ಷಿಣ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನದ್ದು. ನಾವು ಎಲೆ ಅಂದುಕೊಂಡದ್ದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಎಲೆಯ ಅಂಚಿನಿಂದ ಮೊಗ್ಗು ಹೊರಡುವುದು ಬೇರೆ ಯಾವ ಹೂವಿನ ಗಿಡದಲ್ಲಿ ನೋಡಿದ್ದೀರಿ? ಕಳ್ಳಿಗೆ ಕಮಲ ಅನ್ನುವುದು ನಾವೊಬ್ಬರೇ ಅಲ್ಲ ಬಿಡಿ. 2021ರಲ್ಲಿ ಗುಜರಾತ್ ಸರ್ಕಾರ ಡ್ರ್ಯಾಗನ್ ಫ್ರೂಟಿಗೆ ‘ಕಮಲಂ’ ಅಂತ ಹೆಸರಿಟ್ಟಿತು. ಅದೂ ಕಳ್ಳಿಯೇ. ಅದರ ಹೂವೂ ರಾತ್ರಿ ಅರಳುವ ಬಿಳಿ ಹೂವೇ.

ಇಷ್ಟೆಲ್ಲ ಹೇಳುವ ಅಧಿಕಾರ ಎಲ್ಲಿಂದ ಬಂತು ಅಂತ ಕೇಳಬಹುದು. ನಾನು ಟೈಲರ್. ತವರು ಹಿರಿಯೂರು ಕಡೆ, ಕೊಟ್ಟದ್ದು ಸಾಗರ ತಾಲ್ಲೂಕಿನ ಅಡಿಕೆ ಮನೆಗೆ. ಬೇಲಿಯ ಪಾಪಾಸುಕಳ್ಳಿ ಹಣ್ಣು ತಿಂದು ತುಟಿಗೆಲ್ಲ ಕೂದಲಿನಂಥ ಸಣ್ಣ ಮುಳ್ಳು ಚುಚ್ಚಿಸಿಕೊಂಡು ಬೆಳೆದವಳು. ಮದುವೆಯಾದ ವರ್ಷ ತವರಿಂದ ಮೂರು ಕಳ್ಳಿ ಕುಂಡ ತಂದು ಜಗುಲಿಯಲ್ಲಿ ಇಟ್ಟೆ. ‘ಬಯಲುಸೀಮೆ ಸೊಸೆ ಸೀರೆ ಜತೆ ಮುಳ್ಳನ್ನೂ ತಂದಳು’ ಅಂತ ಅತ್ತೆ ನಕ್ಕಿದ್ದರು. ಆಗಸ್ಟ್ ಹೊತ್ತಿಗೆ ದುಂಡನೆಯ ಒಂದು ಗಿಡ ಸ್ವಲ್ಪ ಮಂಕಾದ ಹಾಗೆ ಕಂಡಿತು. ಬೆರಳಿಂದ ಒತ್ತಿದೆ. ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು. ಮೇಲಿನ ಚರ್ಮ, ಮುಳ್ಳು ಎಲ್ಲ ಇದ್ದ ಹಾಗೇ ಇದೆ, ಒಳಗೆ ಅಂಬಲಿ. ಮಳೆಯ ಎರಚಲು ಸಾಕಾಗಿತ್ತು.

ನಮ್ಮ ಕಡೆ ಕಳ್ಳಿಗೆ ಬೇಕಾದದ್ದು ಬಿಸಿಯಲ್ಲ, ಸೂರು. ಪರದೇಶದವರು ಚಳಿಗೆ ಹೆದರಿ ಗಾಜಿನ ಮನೆ ಕಟ್ಟುತ್ತಾರೆ. ನಾವು ಮಳೆಗೆ ಹೆದರಿ ಕಟ್ಟಬೇಕು. ನನ್ನ ಪುಣ್ಯಕ್ಕೆ ನಮ್ಮ ಮನೆಯವರು ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಮನೆ ಕಟ್ಟಿಸಿದರು. ಜಿಐ ಪೈಪು, 200 ಮೈಕ್ರಾನ್ ಶೀಟು, 20 ಅಡಿಗೆ 40 ಅಡಿ. ಅಡಿಕೆ ಕೊಯ್ಲು ಮುಗಿದು ಒಣಗಿಸಿ ಆದ ಮೇಲೆ ಅದು ಸುಮ್ನೆ ಖಾಲಿ ಬಿದ್ದಿರುತ್ತೆ. ಜೂನ್ ಮೊದಲ ವಾರ ನನ್ನ ಕುಂಡಗಳು ಒಳಗೆ. ಶೀಟಿನ ಎರಡೂ ಬದಿಯನ್ನು ನೆಲದಿಂದ ಮೂರು ಅಡಿ ಸುತ್ತಿ ಮೇಲೆತ್ತುತ್ತೇನೆ, ಗಾಳಿ ಆಡಬೇಕು. ಮಳೆಗಾಲದಲ್ಲಿ ನೀರು 20 ದಿನಕ್ಕೊಮ್ಮೆ, ಅದೂ ಬಿಸಿಲು ಕಣ್ಣು ಬಿಟ್ಟ ದಿನ ಮಾತ್ರ, ಒಂದು ಕಾಫಿ ಲೋಟ. ನವೆಂಬರಿಗೆ ಅಡಿಕೆ ಒಳಗೆ ಬರುತ್ತೆ, ಕಳ್ಳಿ ಅಂಗಳಕ್ಕೆ ಹೋಗುತ್ತೆ. ಈಗ 140 ಕುಂಡ ಆಗಿವೆ. ‘ಅಡಿಕೆಗೆ ಕಟ್ಟಿಸಿದೆನೋ ಕಳ್ಳಿಗೆ ಕಟ್ಟಿಸಿದೆನೋ’ ಅಂತ ಮನೆಯವರು ವರ್ಷಕ್ಕೆ ಎರಡು ಸಲ ಗೊಣಗುತ್ತಾರೆ. ಆದರೆ ಎತ್ತಿ ಇಡುವವರು ಅವರೇ.

ಮೊದಲ ವರ್ಷ ಅಲ್ಲೂ ಒಂದು ತಪ್ಪು ಮಾಡಿದೆ. ಐದು ತಿಂಗಳು ಮೋಡದ ಬೆಳಕಲ್ಲಿ ಇದ್ದ ಗಿಡಗಳನ್ನು ಒಂದೇ ದಿನ ಬಿರುಬಿಸಿಲಿಗೆ ತಂದೆ. ಕಳ್ಳಿ ಅಲ್ವಾ, ಬಿಸಿಲೇ ಅದಕ್ಕೆ ಅನ್ನ ಅಂದುಕೊಂಡೆ. ವಾರದಲ್ಲಿ ಪಡುವಣ ಬದಿಯೆಲ್ಲ ಇಸ್ತ್ರಿ ಪೆಟ್ಟಿಗೆ ಇಟ್ಟು ಸುಟ್ಟ ಹಾಗೆ ಬಿಳಿಚಿತು. ಆ ಕಲೆ ಇವತ್ತಿಗೂ ಇದೆ, ಹೋಗುವುದಿಲ್ಲ. ಈಗ ಮೊದಲ ಹದಿನೈದು ದಿನ ಮನೆಯವರ ಹಳೆ ಪಂಚೆ ಹೊದಿಸಿರುತ್ತೇನೆ.

ಹೂವಿನ ಗುಟ್ಟು ಚಳಿಗಾಲದಲ್ಲಿದೆ. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ನಾನು ಹೆಚ್ಚುಕಡಿಮೆ ನೀರೇ ಕೊಡುವುದಿಲ್ಲ. ಗಿಡ ಸ್ವಲ್ಪ ಸುಕ್ಕಾಗುತ್ತೆ. ನೋಡಿದವರು ‘ಪಾಪ’ ಅನ್ನುತ್ತಾರೆ. ಆ ಚಳಿ ಮತ್ತು ಬಾಯಾರಿಕೆ ಇಲ್ಲದಿದ್ದರೆ ಬಹಳ ಜಾತಿಗಳು ಮೊಗ್ಗೇ ಕಟ್ಟುವುದಿಲ್ಲ. ಫೆಬ್ರುವರಿ ಕೊನೆಗೆ ನೀರು ಶುರು ಮಾಡುತ್ತೇನೆ. ಮಾರ್ಚಿಗೆ ಮ್ಯಾಮಿಲೇರಿಯಾ ಅನ್ನುವ ಕಳ್ಳಿಯ ನೆತ್ತಿಯ ಸುತ್ತ ಗುಲಾಬಿ ಬಣ್ಣದ ಪುಟ್ಟ ಹೂಗಳು, ಮಲ್ಲಿಗೆ ದಂಡೆ ಮುಡಿದ ಹಾಗೆ. ಏಪ್ರಿಲಿಗೆ ಎಕಿನಾಪ್ಸಿಸ್ ಅನ್ನುವ ಇನ್ನೊಂದು ಕಳ್ಳಿ. ಗಿಡ ತೆಂಗಿನಕಾಯಿಯಷ್ಟು, ಹೂವಿನ ತೊಟ್ಟೇ ಒಂದು ಗೇಣು. ಸಂಜೆ ಬಿರಿದರೆ ಮರುದಿನ ಮಧ್ಯಾಹ್ನಕ್ಕೆ ಮುಗಿಯಿತು.

ಮಣ್ಣಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಂಬಿಟ್ಟಿಗೆ ಚೂರು, ಹೊಳೆ ಮರಳು, ಇದ್ದಿಲು, ಒಂದು ಹಿಡಿ ಎಲೆಗೊಬ್ಬರ. ನೀರು ಹಾಕಿದರೆ ಹತ್ತು ಎಣಿಸುವುದರೊಳಗೆ ಕೆಳಗೆ ಇಳಿಯಬೇಕು, ಅಷ್ಟೇ. ಮುಳ್ಳಿನ ಗಿಡದ ಕುಂಡ ಬದಲಿಸುವಾಗ ನಿಮ್ಮ ಪತ್ರಿಕೆ ಬೇಕು. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಎರಡು ಬೆರಳಗಲದ ಪಟ್ಟಿ ಮಾಡುತ್ತೇನೆ. ಗಿಡದ ಸೊಂಟಕ್ಕೆ ಅಳತೆ ಟೇಪು ಸುತ್ತಿದ ಹಾಗೆ ಸುತ್ತಿ, ಎರಡೂ ತುದಿ ಸೇರಿಸಿ ಹಿಡಿದು ಎತ್ತುತ್ತೇನೆ. ಪುರವಣಿಯ ನುಣುಪು ಕಾಗದ ಜಾರುತ್ತೆ, ಮುಖಪುಟವೇ ಒಳ್ಳೆಯದು.

ಹೂವಿನ ಆಸೆಗೆ ಮೋಸವೂ ಹೋಗಿದ್ದೇನೆ. ಆನ್‌ಲೈನಿನಲ್ಲಿ ‘ವರ್ಷಪೂರ್ತಿ ಹೂ ಬಿಡುವ ಕಳ್ಳಿ’ ಅಂತ ಎರಡು ತರಿಸಿದೆ. ಒಂದರ ತಲೆ ಮೇಲೆ ಹಳದಿ ಹೂವು, ಇನ್ನೊಂದರ ಮೇಲೆ ಕೆಂಪು. ಮಳೆ ಬಂದ ದಿನ ಮುಚ್ಚಿಕೊಳ್ಳುತ್ತಿತ್ತು, ಒಣಹವೆಗೆ ಬಿಚ್ಚಿಕೊಳ್ಳುತ್ತಿತ್ತು. ನಿಜವೇ ಅಂದುಕೊಂಡೆ. ಎರಡು ತಿಂಗಳಾದರೂ ಬಾಡಲಿಲ್ಲ. ಅನುಮಾನ ಬಂದು ನನ್ನ ಟೈಲರ್ ಅಂಗಡಿಯ ದೀಪದ ಕೆಳಗೆ ಹಿಡಿದು ನೋಡಿದೆ. ಹೂವಿನ ಬುಡದಲ್ಲಿ ಪಾರದರ್ಶಕವಾದ ಒಂದು ಹನಿ, ಅದರಿಂದ ಕೂದಲಿನಂಥ ಎಳೆ. ಆ ಎಳೆ ನನಗೆ ಚೆನ್ನಾಗಿ ಗೊತ್ತು. ಬ್ಲೌಸಿಗೆ ಕಲ್ಲು ಅಂಟಿಸುವಾಗ ಗ್ಲೂ ಗನ್ ಬಿಡುವ ಎಳೆ ಅದು! ಒಣಹೂವನ್ನು ಬಿಸಿ ಗೋಂದಿನಿಂದ ನೆತ್ತಿಗೆ ಅಂಟಿಸಿದ್ದರು. ಒಣಗಿದ ಮೇಲೂ ತೇವಕ್ಕೆ ಮುಚ್ಚಿ ಒಣಹವೆಗೆ ಬಿಚ್ಚುವ ಹೂವು ಅದು, ಕಾಗದದ ಹಾಗೆ ಸರಸರ ಅನ್ನುತ್ತೆ. ಗಿಡ ಬೆಳೆಯುವುದೇ ನೆತ್ತಿಯಿಂದ. ಕಿತ್ತಾಗ ಒಂದು ಉಳಿಯಿತು, ಇನ್ನೊಂದರ ನೆತ್ತಿಯೇ ಗೋಂದಿನ ಜತೆ ಬಂತು. ಬೆಂಗಳೂರಿನಲ್ಲಿರುವ ಮಗಳು ‘ಅಮ್ಮ, ನಿನಗೇ ಗ್ಲೂ ಗನ್ನಿನಲ್ಲಿ ಮೋಸ ಮಾಡಿದರಲ್ಲ’ ಅಂತ ಇವತ್ತಿಗೂ ನಗುತ್ತಾಳೆ.

ಮತ್ತೆ ಬ್ರಹ್ಮಕಮಲಕ್ಕೆ ಬರುತ್ತೇನೆ. ಅದನ್ನು ಮಾತ್ರ ನಾನು ಪ್ಲಾಸ್ಟಿಕ್ ಮನೆಗೆ ಸೇರಿಸುವುದಿಲ್ಲ. ಅದರ ನೆಂಟರಿಗೆ ಮಳೆ ಯಮ, ಇದಕ್ಕೆ ಅಮ್ಮ. ತನ್ನ ಊರಿನಲ್ಲಿ ಅದು ಮರದ ಕೊಂಬೆ ಮೇಲೆ ಬದುಕುವ ಗಿಡ, ನಮ್ಮ ಸೀತಾಳೆ ದಂಡೆಯ ಹಾಗೆ. ಹಲಸಿನ ಮರದ ಅರೆನೆರಳಲ್ಲಿ ತೂಗುಹಾಕಿದ್ದೇನೆ. ಒಂದು ಗೇಣು ತುಂಡು ಕತ್ತರಿಸಿ, ಗಾಯ ಒಣಗಲು ವಾರ ಬಿಟ್ಟು, ನೆಟ್ಟರೆ ಬೇರು ಬಿಡುತ್ತೆ. ಕೆಲವೇ ವರ್ಷಕ್ಕೆ ಹೂವು. ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸಬೇಡಿ, ಉದುರುತ್ತೆ. ಮೊದಲು ಕೆಳಗೆ ಜೋತು ಬಿದ್ದ ಮೊಗ್ಗು ಅರಳುವ ಮುಂಚಿನ ದಿನಗಳಲ್ಲಿ ಹಂಸದ ಹಾಗೆ ಕತ್ತು ಮೇಲೆತ್ತುತ್ತೆ. ಕತ್ತು ಎತ್ತಿದರೆ ಹತ್ತಿರ ಬಂತು ಅಂತ ಲೆಕ್ಕ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಫೋಟೊ ಬಂದಾಗ ‘12 ವರ್ಷ’ ತೆಗೆದುಹಾಕಿ. ಆ ಮನೆಯವರನ್ನು ಎರಡು ಪ್ರಶ್ನೆ ಕೇಳಿ: ಹೋದ ವರ್ಷ ಎಷ್ಟು ಹೂವು ಬಿಟ್ಟಿತ್ತು, ಗಿಡಕ್ಕೆ ಯಾವ ಕಡೆಯ ಬೆಳಕು ಬೀಳುತ್ತೆ? ಅದನ್ನು ಫೋಟೊ ಕೆಳಗೆ ಹಾಕಿ. ಜಾಗ ಇದ್ದರೆ ಇದು ಕಳ್ಳಿಯ ಜಾತಿ ಅಂತಲೂ ಒಂದು ಸಾಲು ಇರಲಿ.

ನಮ್ಮ ಹಲಸಿನ ಮರದ ಕೆಳಗೆ ಈಗ 17 ಮೊಗ್ಗು ಇವೆ. ನಾಲ್ಕು ಕತ್ತು ಎತ್ತಿವೆ. ನಿಮ್ಮ ವರದಿಗಾರರು ಸಾಗರದ ಕಡೆ ಬಂದರೆ ರಾತ್ರಿ ಹತ್ತರ ಮೇಲೆ ಬರಲಿ, ಟಾರ್ಚ್ ತರಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ನಂಬುವ ಹಾಗಿಲ್ಲ.

– ಒಬ್ಬ ಓದುಗಿ, ಸಾಗರ ತಾಲ್ಲೂಕು