ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಕಂಡರೆ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಮಂಡ್ಯ, ಮೈಸೂರು ಭಾಗದಲ್ಲಿ ಕಬ್ಬು ಕಟಾವಿನ ವೇಳೆ ಗದ್ದೆಯೊಳಗೆ ಚಿರತೆ ಮರಿಗಳು ಸಿಗುವುದು ಹೊಸತೇನಲ್ಲ. ಅವು ತಬ್ಬಲಿಗಳೆಂದು ಭಾವಿಸಿ ಮನೆಗೆ ಎತ್ತಿಕೊಂಡು ಬರುವವರಿರುವುದರಿಂದ ಈ ಸೂಚನೆ.

ಸುಮಾರು ಮೂರು ತಿಂಗಳು ಗರ್ಭ ಹೊತ್ತ ಚಿರತೆ ಸಾಮಾನ್ಯವಾಗಿ ಎರಡು ಅಥವಾ ಮೂರು ಮರಿ ಹಾಕುತ್ತದೆ. ಹುಟ್ಟಿದಾಗ ಮರಿಗಳ ಕಣ್ಣು ಮುಚ್ಚಿರುತ್ತದೆ, ಮೈ ಬೂದುಬಣ್ಣಕ್ಕಿರುತ್ತದೆ; ಕಾಡುಬೆಕ್ಕಿನ ಮರಿಯೆಂದು ಮೋಸಹೋಗುವವರೂ ಉಂಟು. ಗಂಡು ಚಿರತೆ ಮರಿಗಳ ಪಾಲನೆಗೆ ಬಾರದ ಕಾರಣ ಬೇಟೆಯೂ ಕಾವಲೂ ತಾಯಿಯದೇ ಆಗಿದ್ದು, ಮರಿಗಳನ್ನು ಸೋಗೆಯ ಮರೆಯಲ್ಲಿಟ್ಟು ಹೋದ ತಾಯಿ ಒಮ್ಮೊಮ್ಮೆ ಇಡೀ ದಿನ ಮರಳದೆಯೂ ಇರಬಹುದು. ಅಪಾಯದ ಸುಳಿವು ಸಿಕ್ಕರೆ ಅದು ಒಂದೊಂದೇ ಮರಿಯ ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ಬೇರೆಡೆಗೆ ಸಾಗಿಸುತ್ತದೆ. ಹಿಡಿದೊಡನೆ ಮರಿ ಕಾಲು ಮಡಚಿ ಸುಮ್ಮನಾಗುತ್ತದೆ. ಉಳಿದ ಮರಿಗಾಗಿ ತಾಯಿ ಮರಳುವಷ್ಟರಲ್ಲಿ ನಾವು ಅದನ್ನು ಎತ್ತಿಕೊಂಡಿರುತ್ತೇವೆ.

ಆದ್ದರಿಂದ ಮರಿ ಕಂಡರೆ ಕಟಾವು ನಿಲ್ಲಿಸಿ, ದೂರ ಸರಿದು, ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಸಿಬ್ಬಂದಿ ಮರಿಗಳನ್ನು ಸಿಕ್ಕಿದ ಜಾಗದಲ್ಲೇ ಸಂಜೆ ಪೆಟ್ಟಿಗೆಯಲ್ಲಿಟ್ಟು ತಾಯಿಗಾಗಿ ಕಾಯುತ್ತಾರೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ನಿಜವಲ್ಲ. ರಾತ್ರಿ ಬಂದು ಕೊಂಡೊಯ್ದ ಉದಾಹರಣೆಗಳು ಸಾಕಷ್ಟಿವೆ. ಹಸುವಿನ ಹಾಲು ಕುಡಿಸುವುದೂ ಬೇಡ, ಸೆಲ್ಫಿಯಂತೂ ಬೇಡವೇ ಬೇಡ. ಮರಿಗಳು ಸುಮಾರು ಒಂದೂವರೆ ವರ್ಷ ತಾಯಿಯೊಡನಿದ್ದು ಬೇಟೆ ಕಲಿಯಬೇಕಾಗಿರುವುದರಿಂದ, ಅಗಲಿಸಿದ ಮರಿಯನ್ನು ಮುಂದೆ ಕಾಡಿಗೆ ಬಿಡುವುದು ಬಹಳ ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮರಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವೂ ಹೌದು.