ಮ್ಯಾಂಚೆಸ್ಟರಿನಿಂದ ಅಪ್ಪನಿಗೆ

ಮ್ಯಾಂಚೆಸ್ಟರ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಕ್ಷೇಮ. ಅಮ್ಮನ ಮಂಡಿನೋವು ಇಳಿದಿದೆಯೆಂದು ತಮ್ಮ ಹೇಳಿದ. ನಿಮ್ಮೊಡನೆ ವಾದಕ್ಕಿಳಿದದ್ದನ್ನೂ ಹೇಳಿದ. ಶತಮಾನಗಳ ಕಾಲ ಕೈಯಲ್ಲೇ ನಕಲಾಗಿ ಬಂದ ಸುವಾರ್ತೆಯನ್ನು ನಂಬುವುದು ಹೇಗೆ ಎಂದು ಅವನು ಕೇಳಿದನಂತೆ, ನೀವು ಊಟ ಬಿಟ್ಟು ಎದ್ದಿರಂತೆ. ಅವನ ಮೇಲೆ ಕೋಪ ಬೇಡ ಅಪ್ಪ. ಆ ಪ್ರಶ್ನೆ ನನ್ನಲ್ಲೂ ಇದೆ.

ಅದಕ್ಕೇ ಇಲ್ಲಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯಕ್ಕೆ ಹೋಗಿ ಯೋಹಾನನ ಸುವಾರ್ತೆಯ ಪಪೈರಸ್ (ಜೊಂಡಿನಿಂದ ಮಾಡುತ್ತಿದ್ದ ಹಾಳೆ) ಚೂರೊಂದನ್ನು ನೋಡಿ ಬಂದೆ. ಅಂಗೈಯಷ್ಟೂ ಇಲ್ಲ. 1920ರಲ್ಲಿ ಈಜಿಪ್ಟಿನಲ್ಲಿ ಕೊಂಡದ್ದು. 1935ರಲ್ಲಿ ಕಾಲಿನ್ ರಾಬರ್ಟ್ಸ್ ಎಂಬ ವಿದ್ವಾಂಸರು ಓದಿ ಪ್ರಕಟಿಸಿದರು. ಅಕ್ಷರಗಳ ರೂಪ ನೋಡಿ ಎರಡನೆಯ ಶತಮಾನದ ಮೊದಲರ್ಧದ್ದೆಂದರು. ಮೂರನೆಯ ಶತಮಾನದ ಆರಂಭದ್ದೂ ಆಗಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಎರಡೂ ಬದಿಗೆ ಏಳೇಳು ಸಾಲು, ರೋಮನ್ ಅಧಿಕಾರಿ ಪಿಲಾತನ ಮುಂದೆ ನಡೆದ ಯೇಸುವಿನ ವಿಚಾರಣೆಯ ಭಾಗ. "ಸತ್ಯವೆಂದರೇನು?" ಎಂಬ ಅವನ ಮಾತು ಹಿಂಬದಿಯಲ್ಲಿ ಬರಬೇಕು. "ಆತನಿಗೆ ಹೇಳುತ್ತಾನೆ" ಎಂಬುದು ಉಳಿದಿದೆ, ಮುಂದಿನ ಸಾಲಿನ ಕೊನೆಯ "ಮತ್ತು ಇದನ್ನು" ಉಳಿದಿದೆ. ನಡುವಿನ ಆ ಪ್ರಶ್ನೆಯೇ ಹರಿದುಹೋಗಿದೆ! ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದೆ.

ಉಳಿದಷ್ಟು ಪದಗಳು ನಾವು ಓದುವ ಪಾಠಕ್ಕೆ ಹೊಂದುತ್ತವೆ. ಇದು ನಕಲುಗಾರರ ನಿಷ್ಠೆಗೆ ಸಾಕ್ಷಿ. ಆ ವಿಚಾರಣೆ ಹಾಗೆಯೇ ನಡೆಯಿತೆಂಬುದಕ್ಕಲ್ಲ. 1961ರಲ್ಲಿ ಇಂದಿನ ಇಸ್ರೇಲಿನ ಕೈಸರೈಯದಲ್ಲಿ ಪಿಲಾತನ ಹೆಸರಿನ ಶಾಸನ ಸಿಕ್ಕಿತು. ಅವನು ಅಧಿಕಾರಿಯಾಗಿದ್ದನೆಂದು ಆ ಕಲ್ಲು ಹೇಳುತ್ತದೆ, ಅವನು ಏನು ಕೇಳಿದನೆಂದು ಹೇಳುವುದಿಲ್ಲ. ನಕಲು ನಿಷ್ಠೆಯದು ಎಂಬುದನ್ನೂ ಘಟನೆ ಹಾಗೆಯೇ ನಡೆಯಿತು ಎಂಬುದನ್ನೂ ತಮ್ಮನೂ ಬೆರೆಸಬಾರದು, ನಾವೂ ಬೆರೆಸಬಾರದು.

ಇನ್ನೊಂದು ಮಾತು ಬರೆಯಲು ಎರಡು ದಿನ ತಡೆದೆ. "ನಿಮ್ಮಲ್ಲಿ ಪಾಪವಿಲ್ಲದವನು ಮೊದಲು ಕಲ್ಲು ಹಾಕಲಿ" ಎಂಬ, ನೀವು ಕಣ್ಣೀರಿಡುತ್ತಾ ಓದುವ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ ಯೋಹಾನನ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಲಂಡನ್ನಿನಲ್ಲಿರುವ ನಾಲ್ಕನೆಯ ಶತಮಾನದ ಸಿನಾಯಿ ಪ್ರತಿಯಲ್ಲೂ ಇಲ್ಲ. ಗ್ರೀಕ್ ಪ್ರತಿಗಳಲ್ಲಿ ಅದು ಮೊದಲು ಕಾಣುವುದು ಕೇಂಬ್ರಿಡ್ಜಿನಲ್ಲಿರುವ, ಸುಮಾರು ಐದನೆಯ ಶತಮಾನದ ಬೇಜಾ ಪ್ರತಿಯಲ್ಲಿ. ನನಗೂ ಸಂಕಟವಾಯಿತು ಅಪ್ಪ. ಆದರೆ ಇದನ್ನು ಪತ್ತೆಹಚ್ಚಿದವರು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿದವರು, ಅವರಲ್ಲಿ ಎಷ್ಟೋ ಜನ ಭಕ್ತರೇ. ಅವರು ಮುಚ್ಚಿಡಲಿಲ್ಲವೆಂಬ ಕಾರಣಕ್ಕೆ ಉಳಿದ ಪುಟಗಳನ್ನು ನಾನು ಹೆಚ್ಚು ಧೈರ್ಯದಿಂದ ತೆರೆಯುತ್ತೇನೆ.

ಆ ಪ್ರಸಂಗ ಬರುವ ಕಡೆ, ಅಜ್ಜನ ಸತ್ಯವೇದದಲ್ಲಿ ಯೋಹಾನನ ಎಂಟನೆಯ ಅಧ್ಯಾಯದ ಆರಂಭಕ್ಕೆ ಆವರಣ ಚಿಹ್ನೆಯೋ ಅಡಿಟಿಪ್ಪಣಿಯೋ ಇದೆಯೇ? ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ ತಿಳಿಸಿ.

ನಿಮ್ಮ ಮಗಳು